ಬಲಗೈ ಖಾಲಿ ಇರಲಿ

ನಮ್ಮ ಡಾಕ್ಟರ್ ಮೇಡಂ ಅವರ ಕೈಯ ಹಿಂಬದಿ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಮೊಣಕಾಲು ನೋವೆಂದು ಬಂದವರಿಗೆ ಮೊದಲು ಚೆನ್ನಾಗಿರುವ ಕಾಲಿನ ಮೇಲೆ, ಆಮೇಲೆ ನೋಯುವ ಕಾಲಿನ ಮೇಲೆ ಅದನ್ನಿಟ್ಟು ಕಣ್ಣು ಮುಚ್ಚುತ್ತಿದ್ದರು. ಯಾವುದು ಬಿಸಿ ಎಂದು ನೋಡುತ್ತಿದ್ದರಂತೆ. ಅದಕ್ಕೂ ಮುಂಚೆ ದವಾಖಾನೆಯ ಬಾಗಿಲಿನಿಂದ ಮೇಜಿನವರೆಗೆ ನಡೆಸುತ್ತಿದ್ದರು. ಯಾರಾದರೂ ಬಂದೊಡನೆ ನೋವಿನ ಪುರಾಣ ತೆಗೆದರೆ, "ಬಾಯಿ ಆಮ್ಯಾಲ ಹೇಳ್ಲಿ, ಮೊದಲ ಕಾಲು ಹೇಳ್ಲಿ" ಅನ್ನುವರು.

ನಾನು ಮೊದಲ ಸಲ ಹೋದಾಗ ನಡೆಯುವ ಮಾತೇ ಇರಲಿಲ್ಲ. ಮಗ, ಪಕ್ಕದ ಮನೆಯವರು ಸೇರಿ ಆಟೋದಿಂದ ಎತ್ತಿ ಒಳಗಿಟ್ಟಿದ್ದರು.

ಭಾಲ್ಕಿಯಲ್ಲಿ ನನ್ನದೊಂದು ಖಾನಾವಳಿ. ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿದೂ ಬಡಿದೂ ಬಲಗಾಲಿನ ಮೊಣಕಾಲು ಹಿಡಿದಿತ್ತು. ಸಂತೆಗೆಂದು ಕಮಲನಗರಕ್ಕೆ ಹೋದಾಗ ಅಲ್ಲಿನ ಗಲ್ಲಿಯೊಳಗೆ ಒಬ್ಬ ಮೊಣಕಾಲಿಗೆ ಸೂಜಿ ಹಾಕುತ್ತಾನೆಂದು ಯಾರೋ ಹೇಳಿದರು. ಡಾಕ್ಟರಕಿ ಓದಿದವನಲ್ಲ, ಡಾಕ್ಟರೆಂದು ಬೋರ್ಡು ಮಾತ್ರ ಇತ್ತು. ಮುಟ್ಟಿ ನೋಡಲಿಲ್ಲ, ನಡೆಸಿ ನೋಡಲಿಲ್ಲ, ಚುಚ್ಚಿದ. ಅವತ್ತೇ ಸಂಜೆ ನೋವು ಮಾಯ. ದೇವರಂಥ ಮನುಷ್ಯ ಎಂದು ಓಣಿಯೆಲ್ಲ ಹೊಗಳಿದೆ, ನನ್ನ ಬಾಯಿಗಿಷ್ಟು ಬೂದಿ ಹಾಕ! ಮತ್ತೆ ಹೋಗಿ ಚುಚ್ಚಿಸಿಕೊಂಡೆ. ಆಗ ಮೊಣಕಾಲು ಕುಂಬಳಕಾಯಿಯಂತೆ ಬಾತು, ಚಳಿಜ್ವರ ಬಂತು.

ಮೇಡಂ ನನ್ನ ಮೊಣಕಾಲಿನ ಮೇಲೆ ಕೈಯ ಹಿಂಬದಿ ಇಟ್ಟವರು ಕಣ್ಣು ಮುಚ್ಚಲಿಲ್ಲ. ಸಿರಿಂಜಿನಲ್ಲಿ ಒಂದಿಷ್ಟು ಎಳೆದರು. ಹಳದಿ ಕೀವು ಬಂತು.

"ಅಕ್ಕಾ, ಇದು ಬರೇ ಸವದ ಮೊಣಕಾಲಲ್ಲ. ಇವತ್ತೇ ಬೀದರಕ್ಕ ಹೋಗಬೇಕು. ನಾಳಿ ಅಂದ್ರ ಕಾಲು ಉಳಿಯಂಗಿಲ್ಲ" ಅಂದರು. ಯಾಕೆ ಹೋದಿರಿ, ಯಾಕೆ ಚುಚ್ಚಿಸಿಕೊಂಡಿರಿ ಎಂದು ಒಂದು ಮಾತೂ ಆಡಲಿಲ್ಲ. ಬೀದರಿನವರೆಗೆ ಗಾಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದರು.

ಬೀದರಿನಲ್ಲಿ ಕೊಯ್ದು ತೊಳೆದರು. ಕಾಲು ಉಳಿಯಿತು, ಆದರೆ ಪೂರ್ತಿ ಮಡಚದಂತಾಯಿತು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಆ ಸೂಜಿಯವನ ಕೈ ಮುರಿಯಬೇಕು ಎನ್ನುವುದೊಂದೇ ಧ್ಯಾನ. ಮೇಡಂ ಮನೆಗೇ ಬಂದು, ಕಾಲನ್ನು ನೆಟ್ಟಗೆ ಮೇಲೆತ್ತಿ ಹಿಡಿಯಿರಿ, ತೊಡೆಗೆ ಶಕ್ತಿ ಬಂದರೆ ಮೊಣಕಾಲಿನ ಭಾರ ಇಳಿಯುತ್ತದೆ ಎಂದರು. ನನ್ನಿಂದಾಗದು ಎಂದೆ.

"ಸೇಡು ತೀರಿಸ್ಕೋಬೇಕಂತೀರಿ. ಕಮಲನಗರಕ್ಕ ಹ್ಯಾಂಗ ಹೋಗ್ತೀರಿ, ಮಂದಿ ಹೆಗಲ ಮ್ಯಾಲ ಏನು?"

ಆ ಮಾತು ನಾಟಿತು. ಒಂದು ಸಲ ಕಾಲೆತ್ತಿದರೆ ಅವನಿಗೊಂದು ಶಾಪ ಎಂದು ಅವರೇ ಕರಾರು ಮಾಡಿದರು. ಶಾಪ ಮುಗಿಯುವವರೆಗೆ ಕಾಲು ಇಳಿಸುವಂತಿಲ್ಲ. ಮೊದಮೊದಲು 'ಅವನ ಬಾಯಾಗ ಮಣ್ಣು ಬೀಳ್ಲಿ' ಅನ್ನುವಷ್ಟರಲ್ಲಿ ತೊಡೆ ನಡುಗಿ ಕಾಲು ಧೊಪ್ಪನೆ ಬೀಳುತ್ತಿತ್ತು. ಬರಬರುತ್ತಾ ಅವನ ಕೈ ಸೇದಿಹೋಗುವುದರಿಂದ ಹಿಡಿದು ಅವನ ಮನೆಯ ತೊಲೆ ಮುರಿಯುವವರೆಗೂ ಒಂದೇ ಉಸಿರಿಗೆ ಎತ್ತಿ ಹಿಡಿಯತೊಡಗಿದೆ. ಅತ್ತೆ ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದರು. ಮೇಡಂ ಮಾತ್ರ, ಇನ್ನೂ ಉದ್ದನೆಯದು ಇಲ್ಲವೇ ಎಂದು ಕೇಳುತ್ತಿದ್ದರು.

ಖಾನಾವಳಿಯ ಒಲೆಯನ್ನು ಕಟ್ಟೆಯ ಮೇಲೆ ಏರಿಸಿದವರೂ ಅವರೇ. ನೆಲಕ್ಕೆ ಕೂಡುವುದು ಬಂದ್, ಎತ್ತರದ ಸ್ಟೂಲಿನ ಮೇಲೆ ಕೂತೇ ರೊಟ್ಟಿ ಬಡಿಯಬೇಕು. ಆಮೇಲೆ ಕೋಲು ಕೊಟ್ಟರು. ನಾನು ಬಲಗೈಗೆ ತೆಗೆದುಕೊಂಡರೆ ಕಸಿದು ಎಡಗೈಗಿಟ್ಟರು. ನೋವು ಬಲಗಾಲಿಗಿದ್ದರೆ ಕೋಲು ಎಡಗೈಯಲ್ಲಿರಬೇಕಂತೆ.

"ಛಲೋ ಆತ್ರಿ. ಅವನಿಗೆ ಹೊಡೀಲಿಕ್ಕ ಬಲಗೈ ಖಾಲಿ ಉಳೀತು" ಅಂದೆ.

"ಖಾಲಿ ಇರ್ಲಿ. ಆದ್ರ ಹೊಡದ್ರ ಮಂದಿ ಅವನಿಗೇ ಪಾಪ ಅಂತಾರ. ಅವನ ಬಾಗಿಲಾಗ ಕುಂತವರ ಕೈ ಹಿಡದು ಎಬ್ಬಿಸ್ರಿ."

ಆರೋಗ್ಯ ಇಲಾಖೆಯ ಮೇಲಿನವರಿಗೆ ಮೇಡಂ ಅವನ ಮೇಲೆ ದೂರು ಕೊಟ್ಟಿದ್ದರು. ಅವನು ನಾಲ್ಕು ದಿನ ಬಾಗಿಲು ಹಾಕಿ ಮತ್ತೆ ತೆಗೆದಿದ್ದ. ಇನ್ನು ನಾನೇ ಸರಿ ಎಂದು ಪ್ರತಿ ಸಂತೆಗೂ ಹೋಗಿ ಅವನ ಬಾಗಿಲಲ್ಲಿ ನಿಂತೆ. ಮೊಣಕಾಲಿನ ಗಾಯದ ಕಲೆ ತೋರಿಸಿದೆ. ಸೂಜಿಗೆ ಕಾದು ಕೂತವರ ಕೈ ಹಿಡಿದೆಬ್ಬಿಸಿ ಬಸ್ಸಿಗೆ ಹತ್ತಿಸಿ ಮೇಡಂ ಬಳಿ ತಂದೆ. ಅವನು ಬೈದ, ನಾನು ಕಾಲೆತ್ತುತ್ತಾ ಕಲಿತದ್ದೆಲ್ಲ ಅವನಿಗೊಪ್ಪಿಸಿದೆ.

ಕಡೆಗೆ ಅವನೇ ದವಾಖಾನೆಗೆ ಬಂದ. ಹೊಟ್ಟೆಯ ಮೇಲೆ ಹೊಡೆಯಬೇಡಿ, ನಾನೂ ಮಕ್ಕಳೊಂದಿಗ ಎಂದು ಕೈಮುಗಿದ. ಮೇಡಂ ನನ್ನನ್ನು ಕರೆಸಿ ಬಾಗಿಲಿನಿಂದ ಮೇಜಿನವರೆಗೆ ನಡೆಯಲು ಹೇಳಿದರು. ಕೋಲೂರಿ, ಕುಂಟುತ್ತಾ ನಡೆದೆ.

"ನಿಮ್ಮ ಸೂಜಿಗಿಂತ ಮೊದಲ ಇವ್ರು ನೆಲಕ್ಕ ಕುಂತು ಏಳ್ತಿದ್ರು. ಈಗ ಹೇಳ್ರಿ, ಯಾರ ಹೊಟ್ಟಿ ಮ್ಯಾಲ ಯಾರು ಹೊಡದ್ರು?"

ಅವನು ನೆಲ ನೋಡುತ್ತಾ ಹೊರಟುಹೋದ. ಅಂಗಡಿಯೂ ಮುಚ್ಚಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹೋದ ವರ್ಷ ಮೇಡಂ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಣ್ಣು ಕೊಡಲು ಎಲ್ಲರೂ ಬಾಗಿದರು. ನನಗೆ ಕಾಲು ಮಡಚದು. ಎಡಗೈಯ ಕೋಲಿನ ಮೇಲೆ ಭಾರ ಬಿಟ್ಟು ಸೊಂಟದಿಂದ ಬಾಗಿ, ಬಲಗೈಯಿಂದ ಒಂದು ಹಿಡಿ ಹಾಕಿದೆ. ತಾಯಿ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಆಮೇಲೆ ಸುದ್ದಿ ಬಂತು: ಮೇಡಂ ಇಲ್ಲವೆಂದು ತಿಳಿದು ಅವನು ಔರಾದಿನಲ್ಲಿ ಮತ್ತೆ ಅಂಗಡಿ ತೆಗೆದಿದ್ದಾನೆ. ಮರುದಿನವೇ ಔರಾದಿನ ಬಸ್ಸು ಹತ್ತಿದೆ. ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ನನ್ನ ಕೈಯ ಹಿಂಬದಿಯನ್ನು ಮೊದಲು ಅವಳ ಚೆನ್ನಾಗಿರುವ ಮೊಣಕಾಲಿನ ಮೇಲೆ, ಆಮೇಲೆ ನೋಯುವುದರ ಮೇಲೆ ಇಟ್ಟೆ. ಅಷ್ಟರಲ್ಲಿ ಅವನು ಹೊರಗೆ ಬಂದ. ನನ್ನನ್ನು ಕಂಡು ಮುಖ ಸಣ್ಣದಾಯಿತು.

"ಮೇಡಂ ತೀರಿಕೊಂಡ್ರಂತಲ್ರಿ" ಅಂದ.

"ನಾ ಇದ್ದೀನಲ್ಲ" ಎಂದು, ಬೀದರಿನ ದವಾಖಾನೆಗೆ ಕರೆದೊಯ್ಯಲು ಬಲಗೈಯಿಂದ ಮುದುಕಿಯ ಕೈ ಹಿಡಿದು ಎಬ್ಬಿಸಿದೆ.