ಗುರುಸಾಮಿ ಕೂಗುವ ಪಾಸ್‌ವರ್ಡ್

ತಮಿಳುನಾಡಿನ ಸಿರುಮುಗೈಯ ಸೀರೆ ನೇಕಾರ ಗುರುಸಾಮಿಗೆ ಮೂಗಿನ ತುದಿಯಲ್ಲೇ ಕೋಪ. ಮಗ್ಗವನ್ನೂ ಬೈಯುತ್ತಾನೆ, ಮಾಳಿಗೆಯ ಕಾಗೆಯನ್ನೂ ಬೈಯುತ್ತಾನೆ. ತೀರಿಹೋದ ಅಪ್ಪ ಬಿಡಿಸಿದ್ದ ಸೀರೆಯಂಚಿನ ವಿನ್ಯಾಸಗಳಿದ್ದ ಹಳೇ ಕಂಪ್ಯೂಟರ್ ಕೆಟ್ಟಾಗ ಮಾತ್ರ ಅವನು ಮಗ್ಗಕ್ಕೂ ಕೂತಿರಲಿಲ್ಲ. ಮಾಳಿಗೆಮನೆಗೆ ಬಾಡಿಗೆಗೆ ಬಂದಿದ್ದ ಮೈಸೂರಿನ ಹಿನಾ ಅದಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಅಂಚುಗಳನ್ನೆಲ್ಲ ಉಳಿಸಿಕೊಟ್ಟಳು. ಈಗ ದಿನಾ ಬೆಳಗ್ಗೆ ಅಪ್‌ಡೇಟ್ ಮಾಡುವುದೇ ಅವನ ಪೂಜೆ. ಆದರೆ ಅಪ್‌ಡೇಟ್‌ಗೆ ಆಜ್ಞೆ ಕೊಡುವ ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕೆಯೂ ಮೂಡುವುದಿಲ್ಲ. “ಒತ್ತಿದ್ದನ್ನೆಲ್ಲಾ ಎಲ್ಲಿ ನುಂಗ್ದೆ?” ಎಂದು ಗದರುತ್ತಾನೆ. “ಅಣ್ಣಾ, ತೋರಿಸದಿದ್ರೂ ತಗೊಳ್ಳುತ್ತೆ” ಎಂದು ಅವಳು ಹೇಳಿಕೊಟ್ಟಿದ್ದರೂ, ಒಂದೊಂದೇ ಅಕ್ಷರ ಕೂಗಿ ಒತ್ತುತ್ತಾನೆ: “ಎಚ್ಚು! ಐ! ಎನ್ನು! ಎ!” ಅವಳ ಹೆಸರೇ. ಹಿನಾ ಮನೆ ಖಾಲಿ ಮಾಡಿ ಮದುಕ್ಕರೈಗೆ ಹೋಗಿ ವರ್ಷವಾಯಿತು. “ಏನುಂಗ, ಪಾಸ್‌ವರ್ಡ್ ಬೀದಿಗೆಲ್ಲಾ ಗೊತ್ತಾಯ್ತು, ಬೇರೆ ಇಡಿ” ಎಂದಳು ಹೆಂಡತಿ ವಿಜಯಕುಮಾರಿ. ಗುರುಸಾಮಿ ಗುಡುಗಿದ: “ಅಪ್ಪನ ಅಂಚು ಉಳಿಸಿದೋಳ ಹೆಸರು ಗೊತ್ತಾಗ್ಲಿ ಅಂತಾನೇ ಕೂಗೋದು!”