ಕಾಲು ತೊಳೆಯುವ ಗುರುವಾರ ಅಪ್ಪ ಸಾಕ್ಸ್ ಹಾಕಿಕೊಂಡು ಬಂದರು

ಅಪ್ಪ ಗುರುವಾರದ ಆರಾಧನೆಗೆ ಬರುತ್ತಿದ್ದಾರೆ!

ಸುದ್ದಿ ಕೊಟ್ಟವಳು ತಂಗಿ ಮೇರಿ. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಅಪ್ಪ ಅಂದಿನ ಸಂಜೆಯ ಡ್ಯೂಟಿ ಬದಲಿಸಿಕೊಂಡಿದ್ದನ್ನು ಅವಳೇ ಕೇಳಿಸಿಕೊಂಡಿದ್ದಳು. ಅವ್ವ ನಂಬಲಿಲ್ಲ. ನಾನಂತೂ ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟೆ.

ಎಪ್ಪತ್ತರ ದಶಕದ ಮಾತಿದು. ನಮ್ಮ ಮನೆ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಚರ್ಚು ಶಹಾಬಾದದಲ್ಲಿ.

ಅಪ್ಪ ಅಲ್ಲಿ ಬಹಳ ವರ್ಷ ಸಭಾ ಹಿರಿಯರಾಗಿದ್ದರು. ಆ ವರ್ಷ ಸಭೆಯವರು ಅವರ ಬದಲು ಪ್ರಭುದಾಸ ಕಾಕಾ ಅವರನ್ನು ಆರಿಸಿದರು. ಕಾಕಾ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವವರು.

"ಕಲ್ಲು ತಿಕ್ಕಾಂವ ಸಭಾ ನಡಸ್ತಾನಂತ!" ಅಂದರು ಅಪ್ಪ.

ಅಷ್ಟೇ. ಅಪ್ಪ ಚರ್ಚಿಗೆ ಹೋಗುವುದು ಬಿಟ್ಟರು, ಕಾಕಾ ಜೊತೆ ಮಾತೂ ಬಂದ್. ಈಸ್ಟರ್‌ನಿಂದ ವಾಡಿಯ ಕ್ರೈಸ್ತ ಮನೆಯವರೆಲ್ಲ ನಮ್ಮ ವರಾಂಡದಲ್ಲೇ ಬೇರೆ ಸಭೆ ಕೂಡುವುದೆಂದು ಮಾತಾಯಿತು. ಚರ್ಚು ಎರಡಾಗುವುದೊಂದೇ ಬಾಕಿ...

ಸಭೆಯ ಪಟ್ಟಿಯಿಂದ ಅಪ್ಪನ ಹೆಸರು ತೆಗೆದುಹಾಕಿ ಎಂದು ಕೆಲವರು ಕಾಕಾ ಬೆನ್ನು ಹತ್ತಿದ್ದರು. "ಮೊದಲ ಪ್ರಾರ್ಥನಾ ಮಾಡೂಣು. ದೇವರು ಬುದ್ಧಿ ಕೊಡ್ಲಿ, ನಂಗೂ ಬೇಕಾಗ್ಯಾದ" ಅಂದರಂತೆ ಕಾಕಾ. ಮರುದಿನ ಪ್ಯಾಸೆಂಜರ್ ಹತ್ತಿ ನಮ್ಮ ಮನೆಗೇ ಬಂದರು.

"ಅಣ್ಣಾ, ಗುರುವಾರ ಕಾಲು ತೊಳಿಯೋದು ಹ್ಯಾಂಗಂತ ನಂಗ ಗೊತ್ತಿಲ್ರಿ. ನೀವ ಮುಂದ ಕುಂತು ಹೇಳಿಕೊಡ್ರಿ."

ಅಪ್ಪ ಅವ್ವನ ಕಡೆ ತಿರುಗಿದರು. "ಚಾ ಕುಡದು ಹೋಗು ಅನ್ನು ಅವಗ."

ಕಾಕಾ ಚಾ ಕುಡಿದರು. ಅಪ್ಪ ಎದುರಿಗೇ ಕೂತಿದ್ದರೂ "ಚಾ ಭಾಳ ಚಲೋ ಆಗ್ಯಾದ ಅಂತ ಅಣ್ಣಗ ಹೇಳ್ರಿ ವೈನಿ" ಎಂದು ಹೊರಟರು.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಶುಭ ಶುಕ್ರವಾರದ ಹಿಂದಿನ ಸಂಜೆ ಸಭಾ ಹಿರಿಯ ಮೊಣಕಾಲೂರಿ ಸಭೆಯವರ ಕಾಲು ತೊಳೆಯುವುದು ನಮ್ಮಲ್ಲಿನ ಪದ್ಧತಿ. ಕಲ್ಲಿನ ಧೂಳು ಮೆತ್ತಿದ ಕಾಲನ್ನು ಹಿರಿಯರ ಕೈಗೆ ಕೊಡುವುದು ಹ್ಯಾಗೆ ಎಂದು ಎಲ್ಲರೂ ಮನೆಯಲ್ಲೇ ಹಿಮ್ಮಡಿ ತಿಕ್ಕಿ ತೊಳೆದು ಬರುತ್ತಿದ್ದರು.

ಅಪ್ಪ ಮಾತ್ರ ಸೀದಾ ಡ್ಯೂಟಿಯಿಂದ ಬಂದರು. ಯೂನಿಫಾರ್ಮ್ ಮೇಲೇ ಇತ್ತು. ಶೂ ಹೊರಗೆ ಬಿಟ್ಟು ಮುಂದಿನ ಬೆಂಚಿನ ತುದಿಗೆ ಕೂತರು, ಮುಖ ಗೋಡೆ ಕಡೆ.

ಕಾಕಾ ಒಬ್ಬೊಬ್ಬರ ಮುಂದೆಯೂ ಕಣ್ಣು ಮುಚ್ಚಿ ಪ್ರಾರ್ಥಿಸಿ, ಮುಚ್ಚಿದ ಕಣ್ಣಲ್ಲೇ ತಂಬಿಗೆಯ ನೀರು ಹಾಕುತ್ತಿದ್ದಾರೆ. ಈಗ ಅಪ್ಪನ ಸರದಿ. ಪ್ರಾರ್ಥನೆ ಮುಗಿಯುತ್ತಲೇ ಇಲ್ಲ. ಅವ್ವ ನನ್ನ ಕೈ ಹಿಂಡುತ್ತಿದ್ದಾಳೆ. ತಂಬಿಗೆ ವಾಲಿತು...

"ಏ ಪ್ರಭ್ಯಾ! ಕಾಲಾಗ ಸಾಕ್ಸ್ ಅದಾವಲ್ಲೋ!"

ತಿಂಗಳುಗಟ್ಟಲೆ ಮೌನದ ನಂತರ ಮೊದಲ ಮಾತು!

ಕಾಕಾ ಕಣ್ಣು ಬಿಟ್ಟರು. "ಅದಕ್ಕಽ ಅಲ್ಲೇನ್ರಿ ಅಣ್ಣಾ, ಹ್ಯಾಂಗ ತೊಳೀಬೇಕಂತ ನಿಮ್ಮ ಮನಿತನಕ ಕೇಳಾಕ ಬಂದಿದ್ದು!"

ವರ್ಷದ ಅತ್ಯಂತ ಗಂಭೀರ ಆರಾಧನೆಯಲ್ಲಿ ಚರ್ಚಿಗೆ ಚರ್ಚೇ ನಕ್ಕಿತು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಪಾದ್ರಿಗಳು ಹಾಡಿನ ಪುಸ್ತಕ ಮುಖಕ್ಕೆ ಹಿಡಿದರು, ಅದೂ ಅಲುಗಾಡುತ್ತಿತ್ತು. ಅಪ್ಪ ತುಟಿ ಬಿಗಿಹಿಡಿದಿದ್ದರೂ ಹೊಟ್ಟೆ ಕುಣಿಯುತ್ತಿತ್ತು.

"ಏಳು. ಇಲ್ಲಿ ಕುಂದ್ರು. ತೋರಸ್ತೀನಿ."

ಇಡೀ ಸಭೆಯ ಎದುರು ಸಭಾ ಹಿರಿಯ ತೆಪ್ಪಗೆ ಎದ್ದು ಬೆಂಚಿನ ಮೇಲೆ ಕೂತರು. ಅಪ್ಪ ತಮ್ಮ ಒದ್ದೆ ಸಾಕ್ಸ್ ಕಳಚಿ, ಮೊಣಕಾಲೂರಿ, ಕಾಕಾ ಕಾಲು ತೊಳೆದರು. ಬಿರಿದ ಹಿಮ್ಮಡಿಯನ್ನು ಟವೆಲ್‌ನಿಂದ ಎಷ್ಟು ಮೆತ್ತಗೆ ಒರೆಸಿದರೆಂದರೆ... ನಗುತ್ತಿದ್ದ ಅವ್ವನ ಕೆನ್ನೆ ಪೂರ್ತಿ ಒದ್ದೆ.

ಕುಂದ್ರು ಅಂದಾಗ ಕಾಕಾ ತೆಪ್ಪಗೆ ಕುಂತ ಆ ಬುದ್ಧಿ ದೇವರು ಕೊಟ್ಟದ್ದೇ. ಎಲ್ಲಾದರೂ ನನ್ನನ್ನು ಮುಂದಾಳಾಗಿ ನಿಲ್ಲಿಸಿದರೆ ಇವತ್ತಿಗೂ ಅದನ್ನೇ ಬೇಡುತ್ತೇನೆ.

ಆರಾಧನೆ ಮುಗಿದ ಮೇಲೆ ಅಪ್ಪ ಬಾಗಿಲಲ್ಲಿ ನಿಂತು ವಾಡಿಯವರಿಗೆ ತಿಳಿಸಿದರು: ಈಸ್ಟರ್ ಆರಾಧನೆ ಭಾನುವಾರ ನಸುಕಿಗೆ, ಇದೇ ಚರ್ಚಿನಲ್ಲಿ. ಎಲ್ಲರೂ ಶನಿವಾರ ಸಂಜೆಯ ಪ್ಯಾಸೆಂಜರಿಗೆ ಹೊರಡುವುದು.