ನೀಲಕ್ಕನ ಕೌದಿ, ಹವಳಿಯ ಹುರುಕು

ಮೊಮ್ಮಗನ ಬೆರಳ ಸಂದಿಯಲ್ಲಿ ತುರಿಕೆ ಎದ್ದಿತ್ತು. ಡಾಕ್ಟರು ಕೊಟ್ಟ ಮುಲಾಮಿನ ಡಬ್ಬಿಯ ಮುಚ್ಚಳ ತಿರುವಿದ್ದೇ ತಡ, ಗಂಧಕದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನೊಬ್ಬಳು ಡಬ್ಬಿ ಹಿಡಿದುಕೊಂಡು ಕೂತೇ ಇದ್ದೆ. ಆ ವಾಸನೆಯ ಬೆನ್ನಿಗೇ ಕಾಯಿಸಿದ ಕುಸುಬಿ ಎಣ್ಣೆಯ ಘಾಟು ಬಂತು, ಹಸಿ ಹಿಂಡಿಯ ವಾಸನೆ ಬಂತು, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸುತ್ತುತ್ತಿದ್ದ ಎತ್ತಿನ ಬೆವರು ಬಂತು, ಗಾಣದ ಕಿರುಗುಟ್ಟುವ ಸದ್ದು ಬಂತು. ಕೊನೆಗೆ ಕೆರೆದುಕೊಳ್ಳುತ್ತ ಹವಳಿ ಬಂದಳು. ನನಗೆ ಸಿಟ್ಟು ಬಂತು. ಎಂದೋ ಸತ್ತು ಮಣ್ಣಾದ ನಾಯಿಯ ಹುರುಕಿನ ಮೇಲೆ ಮುದುಕಿಯೊಬ್ಬಳು ಇನ್ನೂ ಸಿಟ್ಟು ಮಾಡುತ್ತಾಳೆಯೇ ಎಂದು ನೀವು ನಗಬಹುದು. ನಗಿರಿ. ನಿಮ್ಮ ಮನೆಯಲ್ಲೂ ಅಂಥದೊಂದು ಜೀವ ಇದ್ದು ಹೋಗಿದ್ದರೆ ಆ ನಗು ಬಹಳ ಹೊತ್ತು ಉಳಿಯಲಿಕ್ಕಿಲ್ಲ.

ವಿಜಯಪುರವನ್ನು ಆಗ ನಾವೆಲ್ಲ ಬಿಜಾಪುರ ಎನ್ನುತ್ತಿದ್ದೆವು. ಕೋಟೆಗೋಡೆಯ ಮಗ್ಗುಲಲ್ಲಿ ನಮ್ಮ ಮನೆ. ಮುಂದೆ ಪಡಸಾಲೆ, ಹಿತ್ತಲಲ್ಲಿ ಗಾಣ. ಎಲ್ಲಿಯೋ ದೊಡ್ಡ ಯುದ್ಧ ನಡೆದು ಚಿಮಣಿ ಎಣ್ಣೆ ಸಿಗದಂತಾಗಿತ್ತು. ಜನ ಮತ್ತೆ ಹಣತೆಗೆ ಬಂದಿದ್ದರಿಂದ ನಮ್ಮ ಎತ್ತಿಗೆ ಉಸಿರು ಬಿಡಲೂ ಹೊತ್ತಿರಲಿಲ್ಲ. ಅವ್ವ ನನ್ನನ್ನು ಹೆತ್ತ ಬಾಣಂತನದಲ್ಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ನಮ್ಮ ಆಯಿ, ಅಕ್ಕ ನೀಲವ್ವ, ನಾನು. ನನ್ನ ತಲೆಗೆ ಎಣ್ಣೆ ತಿಕ್ಕಿ ಜಡೆ ಹೆಣೆದವಳು ನೀಲಕ್ಕ. ಚರಂಡಿ ಬದಿಯಲ್ಲಿ ಕುಂಯ್‌ಗುಡುತ್ತಿದ್ದ ಕೆಂಪು ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದು ಹವಳಿ ಎಂದು ಹೆಸರಿಟ್ಟವಳೂ ಅವಳೇ. ನನಗೂ ಆ ನಾಯಿಗೂ ಒಬ್ಬಳೇ ತಾಯಿ ಅನ್ನಬೇಕು. ಆ ತಾಯಿಯನ್ನು ಒಂದು ದಿನ ಬಾಸಿಂಗ ಕಟ್ಟಿ ಟಿಕೋಟಾಕ್ಕೆ ಕೊಟ್ಟು ಕಳಿಸಿದರು.

ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮದುವೆ ಗೊತ್ತಾದ ಹುಡುಗಿ ಹಳೆಯ ಸೀರೆ ಧೋತರಗಳನ್ನು ಕೂಡಿಸಿ ಎರಡು ಕೌದಿ ಹೊಲಿಯಬೇಕು. ಕೌದಿ ಹಸಿದಿರಬಾರದೆಂದು ಮೂಲೆಯೊಳಗೆ ಹೋಳಿಗೆಯ ಒಂದು ಚೂರು ಇಟ್ಟು ಹೊಲಿಗೆ ಮುಗಿಸಬೇಕು. ಒಂದು ಕೌದಿ ಅವಳ ಜೊತೆ ಹೋಗುತ್ತದೆ, ಇನ್ನೊಂದು ತವರಲ್ಲಿ ಉಳಿಯುತ್ತದೆ. ಉಳಿದ ಕೌದಿಯನ್ನು ಅವಳು ಚೊಚ್ಚಲ ಬಾಣಂತನಕ್ಕೆ ಬಂದು ಹೊಸ್ತಿಲು ದಾಟುವವರೆಗೆ ನೀರಿಗೆ ಹಾಕುವಂತಿಲ್ಲ. ಅಕ್ಕ ಹೋದ ಮೇಲೆ ಹವಳಿ ಅನ್ನ ಬಿಟ್ಟಳು, ಗೋಳಿಟ್ಟು ಓಣಿಯವರ ಬಾಯಿಗೆ ಬಂದಳು. ಆಮೇಲೆ ಹೊರಸಿನ ಮೇಲೆ ಮಡಚಿಟ್ಟಿದ್ದ ಆ ಕೌದಿಯನ್ನು ಹುಡುಕಿಕೊಂಡು, ಅದರಲ್ಲಿ ಮೂತಿ ಹುದುಗಿಸಿ ಮಲಗಿದಳು. ನಾಯಿ ಸುಮ್ಮನಾಯಿತಲ್ಲ, ಸಾಕು ಎಂದು ಆಯಿಯೂ ಬಿಟ್ಟಳು. ಮೊದಲ ಕೆಲವು ದಿನ ನಾನೂ ಅದರ ಮೇಲೆ ಮುಖವಿಟ್ಟು ಮಲಗಿದ್ದುಂಟು. ಅಕ್ಕನ ತಲೆಯೆಣ್ಣೆ, ಅವಳ ಬೆವರು, ಅವಳು ಮುಡಿದಿದ್ದ ದವನ, ಎಲ್ಲ ಅದರಲ್ಲಿತ್ತು.

ವರ್ಷ ತುಂಬುವಷ್ಟರಲ್ಲಿ ಹವಳಿಗೆ ಹುರುಕು ಹತ್ತಿತು. ಮೊದಲು ಕಿವಿಯ ಅಂಚು, ಆಮೇಲೆ ಮೊಣಕೈ, ಆಮೇಲೆ ಹೊಟ್ಟೆ. ಆ ಚಂದದ ಕೆಂಪು ಕೂದಲು ಉದುರಿ, ಚರ್ಮ ಒಣಗಿದ ಕೆರೆಯಂತೆ ಬಿರಿಯಿತು. ಆಯಿ ಅವಳನ್ನು ಕೌದಿಯ ಸಮೇತ ಗಾಣದ ಚಪ್ಪರಕ್ಕೆ ದಬ್ಬಿದಳು. "ಇದನ್ನಂತೂ ಇನ್ನ ಯಾರೂ ಹೊದಿಯೂದಿಲ್ಲ, ಅದs ಮಲಗಲಿ. ನೀಲವ್ವ ಬಂದ ಮ್ಯಾಲ ಕುದಿಸಿ ಒಗದ್ರಾತು," ಅಂದಳು. ಅಷ್ಟರಲ್ಲಿ ಅಕ್ಕ ಬಸುರಿ ಎಂದು ಟಿಕೋಟಾದಿಂದ ಸುದ್ದಿ ಬಂತು. ಆಯಿ ಕುಣಿದಾಡಿದಳು, ಮರುಗಳಿಗೆಯಲ್ಲೇ ನನ್ನ ಕಡೆ ತಿರುಗಿದಳು: "ಬಾಣಂತಿ ಮನ್ಯಾಗ ಹುರುಕ ನಾಯಿ ಇರಬಾರದು ಗಂಗೀ. ನೀಲವ್ವ ಬರೂದ್ರಾಗ ಆರಾಮಾತು, ಛಲೋ. ಆಗಲಿಲ್ಲ, ಬಬಲೇಶ್ವರಕ್ಕ ನಿಮ್ಮ ಮಾವನ ಹೊಲಕ್ಕ ಕಳಸೂದ." ನನಗೆ ಬೇಕಿದ್ದದ್ದು ಒಂದೇ: ಅಕ್ಕ ಬಂಡಿ ಇಳಿದಾಗ ಹವಳಿ ಬಾಗಿಲಲ್ಲಿರಬೇಕು.

ಗಾಣದವರ ಮನೆ, ಎಣ್ಣೆಗೇನು ಬರ! ನಮ್ಮಲ್ಲಿ ತಲೆನೋವಿಗೂ ಎಣ್ಣೆ, ಹೊಟ್ಟೆನೋವಿಗೂ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಎಣ್ಣೆ. ಬೇವಿನೆಣ್ಣೆ ಹಚ್ಚಿದೆ. ಕುಸುಬಿ ಎಣ್ಣೆಯನ್ನು ಕರ್ರಗಾಗುವಂತೆ ಕಾಸಿ ಹಚ್ಚಿದೆ. ಬೀಜ ಹೊತ್ತು ಬಂದ ಗಿರಾಕಿಗಳಲ್ಲಿ ವೈದ್ಯನಲ್ಲದವನು ಒಬ್ಬನೂ ಇರಲಿಲ್ಲ. ಎಲುಬಿಲ್ಲದ ನಾಲಿಗೆ, ಹೇಳುವುದಕ್ಕೇನು? ಒಬ್ಬಳು ಸೀತಾಫಲದ ಬೀಜ ಅರೆದು ಹಚ್ಚು ಅಂದಳು, ಹಚ್ಚಿದೆ. ಒಬ್ಬ ತಂಬಾಕು ನೆನೆಸಿದ ನೀರು ಸುರಿ ಅಂದ. ಸುರಿದೆ, ಹವಳಿ ಅದನ್ನು ನೆಕ್ಕಿ ಇಡೀ ದಿನ ವಾಂತಿ ಮಾಡಿದಳು. ತೊರವಿಯ ಮುದುಕನೊಬ್ಬ ಭೂತನಾಳ ಕೆರೆಯಲ್ಲಿ ಮುಳುಗಿಸಿದರೆ ಹುರುಕು ಅಲ್ಲೇ ಬಿಟ್ಟು ಹೋಗುತ್ತದೆ ಅಂದ. ಬಿಸಿಲಲ್ಲಿ ಅಷ್ಟು ದೂರ ಎಳೆದುಕೊಂಡು ಹೋದರೆ ಕಾವಲಿನವನು ಕೋಲು ಎತ್ತಿದ. "ಊರ ಮಂದಿ ಕುಡಿಯೂ ನೀರಾಗ ಹುರುಕ ನಾಯಿ ತೊಳಿತಿ ಏನಲೇ?" ಅಂದ. ಅವನು ಹೇಳಿದ್ದು ಸರಿಯೇ. ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ, ಹವಳಿ ಮೂರು ಮಾರಿಗೊಮ್ಮೆ ಕೂತು ಕೆರೆದುಕೊಳ್ಳುತ್ತ ಬಂದಳು.

ನನ್ನ ಕಾಟ ತಾಳದೆ ಅಪ್ಪ ಕೊನೆಗೆ ದನದ ಡಾಕ್ಟರರ ಹತ್ತಿರ ಕರೆದೊಯ್ದ. ಡಾಕ್ಟರು ಒಳ್ಳೆಯವರು, ನಾಯಿಯ ಕಿವಿ ಮಡಚಿ ನೋಡಿದರು. "ಎಲ್ಲಿ ಮಲಗತೈತ್ರಿ ಇದು? ಏನರ ಹಾಸೀರೇನು?" ಎಂದು ಕೇಳಿದರು. ಸುತ್ತಲೂ ಎತ್ತು ಎಮ್ಮೆ ಹಿಡಿದು ನಿಂತ ಹತ್ತು ಜನ ಪರಿಚಯದವರು. ಅಪ್ಪ ಗಂಟಲು ಸರಿಮಾಡಿಕೊಂಡ. "ನಾಯಿಗ ಎಲ್ಲೀ ಹಾಸಗಿರಿ? ಗಾಣದ ಕಡೆ ಬರೇ ನೆಲದ ಮ್ಯಾಲ ಬೀಳತೈತಿ." "ಹಂಗಿದ್ರ ಚಿಂತಿಲ್ಲ ಬಿಡ್ರಿ," ಎಂದು ಅವರು ಗಂಧಕವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಲು ಹೇಳಿದರು. ಹೊರಗೆ ಬಂದ ಮೇಲೆ ನಾನು ಕೌದಿಯ ಮಾತೆತ್ತಿದೆ. "ಮಗಳ ಕೌದಿ ನಾಯಿಗೆ ಹಾಸೇನಿ ಅಂತ ಹತ್ತು ಮಂದ್ಯಾಗ ಹೇಳಲೇನು? ನಡಿ ಸುಮ್ಮ!" ಎಂದು ಅಪ್ಪ ಮುಂದೆ ನಡೆದ. ಡಾಕ್ಟರರು ಅದನ್ನು ಯಾಕೆ ಕೇಳಿದರೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಗಂಧಕದ ಎಣ್ಣೆ ಹಚ್ಚಿದಾಗ ಹುರುಕು ತಗ್ಗುತ್ತಿತ್ತು. ಹೊಟ್ಟೆಯ ಮೇಲೆ ನವಿರಾಗಿ ಕೂದಲು ಮೂಡುತ್ತಿತ್ತು. ಆಯಿಯನ್ನು ಕರೆದು ತೋರಿಸುವಷ್ಟರಲ್ಲಿ ಮತ್ತೆ ಕೆಂಪಗೆ ಗಂಧೆ ಏಳುತ್ತಿದ್ದವು. ಮತ್ತೆ ಎಣ್ಣೆ, ಮತ್ತೆ ಆಸೆ, ಮತ್ತೆ ಗಂಧೆ. ಕಣ್ಣಿಗೆ ಬಟ್ಟೆ ಕಟ್ಟಿದ ನಮ್ಮ ಎತ್ತು ದಿನವಿಡೀ ನಡೆದು ಸಂಜೆಗೆ ಅದೇ ಜಾಗದಲ್ಲಿ ನಿಂತಿರುತ್ತಿತ್ತು, ನಾನೂ ಹಾಗೆಯೇ. ಒಂದು ದಿನ ರೇಗಿ ಎಣ್ಣೆಯ ತಂಬಿಗೆಯನ್ನು ಗೋಡೆಗೆ ಎಸೆದೆ. ಹವಳಿ ಬೆದರಿ ಓಡಿದ್ದು ಎಲ್ಲಿಗೆ ಅನ್ನುತ್ತೀರಿ? ಆ ಕೌದಿಯ ಮೇಲಕ್ಕೇ.

ಅಕ್ಕ ಬರುವ ಮುಂಚಿನ ದಿನ ಬಬಲೇಶ್ವರದಿಂದ ಮಾವ, ಅಂದರೆ ಅವ್ವನ ತಮ್ಮ, ಬಂಡಿ ಕಟ್ಟಿಕೊಂಡು ಬಂದ. ಉಳಿದ ಗಂಧಕದ ಎಣ್ಣೆಯನ್ನೂ ಅವನ ಕೈಗೆ ಕೊಟ್ಟೆ. ಕೌದಿಯನ್ನೂ ಕೊಡುತ್ತಿದ್ದೆ, ಆಯಿ ಕಸಿದುಕೊಂಡಳು. ಮರುದಿನ ಅಕ್ಕ ಬಂದು ಹೊಸ್ತಿಲು ದಾಟಿ ಮೊದಲು ಕೇಳಿದ್ದು, "ಹವಳಿ ಎಲ್ಲಿ?" ನಾನು ಹಿತ್ತಲಿಗೆ ಓಡಿದೆ. ಆಯಿ ಅಲ್ಲಿ ಮೊದಲೇ ದೊಡ್ಡ ಹಂಡೆಯಲ್ಲಿ ಸವಳು ಮಣ್ಣು ಹಾಕಿ ನೀರು ಕುದಿಸಿಟ್ಟು, ಅಕ್ಕ ಹೊಸ್ತಿಲು ದಾಟಿದ್ದೇ ತಡ ಕೌದಿಯನ್ನು ಅದರಲ್ಲಿ ಮುಳುಗಿಸುತ್ತಿದ್ದಳು.

ಅಕ್ಕನಿಗೆ ಗಂಡು ಮಗುವಾಯಿತು. ಆ ವಾರದಲ್ಲೇ ಮಾವ ಬಾಣಂತಿಗೆ ತುಪ್ಪ ತಂದ. ಅವನ ಬಂಡಿಯ ಅಡಿಯಲ್ಲಿ, ಅಚ್ಚಿನ ನೆರಳು ಹಿಡಿದು, ಒಂದು ಕೆಂಪು ನಾಯಿ ಬಂತು. ಮೈತುಂಬ ಕೂದಲು! ಗುರುತು ಹಿಡಿಯಲು ನನಗೇ ಒಂದು ಗಳಿಗೆ ಬೇಕಾಯಿತು. "ಏನು ಮಾಡಿದ್ಯೋ ಯಪ್ಪಾ?" ಎಂದು ಆಯಿ ಬೆರಗಾದಳು. "ಏನೂ ಮಾಡಿಲ್ಲ ಬೇ. ನೀವು ಕೊಟ್ಟ ಎಣ್ಣೀನs ಹಚ್ಚೀನಿ. ಹೊಲದಾಗ ಬರೇ ಕಲ್ಲಿನ ಮ್ಯಾಲ ಮಲಗತಿತ್ತು, ಒಂದು ತಿಂಗಳಾಗ ಕೂದಲ ಬಂತು." ಬಾಣಂತಿ ಕೋಣೆಯೊಳಗಿಂದ ಅಕ್ಕನ ದನಿ ಕೇಳಿತು: "ಕೌದ್ಯಾಗ ಇತ್ತು ಆಯಿ ಅದು. ಹುರುಕು ಕೌದ್ಯಾಗ ಇತ್ತು. ಅವತ್ತs ಕುದಿಸಿದ್ರ ಮುಗೀತಿತ್ತು."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕಥೆ. ಅಕ್ಕ ಬಾರದೆ ಕೌದಿ ಒಗೆಯುವಂತಿಲ್ಲ, ಕೌದಿ ಒಗೆಯದೆ ಹುರುಕು ಹೋಗುವಂತಿಲ್ಲ, ಹುರುಕು ಹೋಗದೆ ಅಕ್ಕ ಬಂದಾಗ ಹವಳಿ ಇರುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆಯಿಯ ಮೇಲೆ ಕೂಗಾಡಿದೆ, ಎಂಥ ಪದ್ಧತಿ ನಿಂದು ಅಂದೆ. ಆಯಿ ಬೈಯಲಿಲ್ಲ. ನೆಲ ನೋಡುತ್ತ, "ನಿಮ್ಮವ್ವನ ಕೌದಿ ಬಬಲೇಶ್ವರದಾಗ ಆಕಿ ಬರೂಕಿಂತ ಮೊದಲs ಒಗದಿದ್ರು. ನಿನ್ನ ಹಡದು ಆಕಿ ಉಳೀಲಿಲ್ಲ," ಅಂದಳು. ಮಾವ ಮುಖ ತಿರುಗಿಸಿದ. ಅದರ ಮೇಲೆ ನಾನು ಯಾರ ಮೇಲೆ ಸಿಟ್ಟಾಗಲಿ? ಸಿಟ್ಟು ಮಾತ್ರ ಎಲ್ಲಿಗೂ ಹೋಗಲಿಲ್ಲ, ಇವತ್ತಿಗೂ ಇಲ್ಲೇ ಇದೆ.

ಆಯಿ ಎದ್ದು ಒಳಗೆ ಹೋಗಿ ಕೌದಿ ತಂದಳು. ಬೆಳ್ಳಗೆ ಒಗೆದು ಕೋಟೆಗೋಡೆಯ ಮೇಲೆ ಒಣಗಿಸಿದ ಕೌದಿ. ಅದನ್ನು ತಾನೇ ಗಾಣದ ಚಪ್ಪರದ ಹಳೆಯ ಜಾಗದಲ್ಲಿ ಹಾಸಿ, "ಬಾ ಹವಳಿ, ಇರು ಇಲ್ಲೇ," ಅಂದಳು. ಅಕ್ಕನೂ ಒಳಗಿಂದ ಕರೆದಳು. ಹವಳಿ ಕಿವಿ ನಿಮಿರಿಸಿ ಕೋಣೆಯ ಬಾಗಿಲವರೆಗೆ ಹೋದಳು. ಒಳಗೆ ಅಜವಾನದ ಹೊಗೆ, ಲೋಬಾನ, ಬೆಳ್ಳುಳ್ಳಿ, ಮಗುವಿನ ಅಳು. ಅಕ್ಕನ ದನಿಯಿತ್ತು, ಅಕ್ಕನ ವಾಸನೆ ಇರಲಿಲ್ಲ. ಹಿಂದೆ ಬಂದು ಕೌದಿಯ ನಾಲ್ಕೂ ಮೂಲೆ ಮೂಸಿದಳು. ಹೋಳಿಗೆ ಇಟ್ಟಿದ್ದ ಮೂಲೆಯಲ್ಲಿ ಬಹಳ ಹೊತ್ತು ಮೂಗಿಟ್ಟು ನಿಂತಳು. ಅದರ ಮೇಲೆ ಕಾಲಿಡಲಿಲ್ಲ. ಸುತ್ತು ಹಾಕಿ ಹೋಗಿ ಬಂಡಿಯ ಅಡಿಯಲ್ಲಿ ಮಲಗಿದಳು.

ಆ ಗಾಣ ಈಗಿಲ್ಲ, ಆ ಮನೆಯ ಜಾಗದಲ್ಲಿ ಯಾರದೋ ಟೈರಿನ ಅಂಗಡಿ ಇದೆ. ಆಯಿ, ಅಪ್ಪ, ಮಾವ, ನೀಲಕ್ಕ, ಎಲ್ಲರೂ ಹೋದರು. ಕೌದಿ ನನ್ನ ಟ್ರಂಕಿನಲ್ಲಿದೆ, ಮೂಸಿದರೆ ಬರೀ ಡಾಂಬರ ಗುಳಿಗೆಯ ವಾಸನೆ. ಆ ದಿನ ಸಂಜೆ ಮಾವ ಬಂಡಿ ಹೂಡಿದಾಗ ಯಾರೂ ಹವಳಿಯನ್ನು ಕರೆಯಲಿಲ್ಲ, ಕಟ್ಟಿ ಎಳೆಯಲಿಲ್ಲ. ಅವಳೇ ಎದ್ದು ಗಾಲಿಗಳ ನಡುವೆ ನಡೆದಳು. ನಾನು ಕೋಟೆಯ ಅಗಸಿ ಬಾಗಿಲವರೆಗೆ ಹಿಂದೆ ಓಡಿ, ಅಲ್ಲಿ ನಿಂತು ನೋಡಿದೆ. ಬೆಳಗಿನಿಂದ ಸಂಜೆಯವರೆಗೆ ಅವಳು ಒಂದು ಸಲವೂ ಕೆರೆದುಕೊಂಡಿರಲಿಲ್ಲ.